ಪರದೆಯ ಹಿಂದೆ ಒಂದು ರಾತ್ರಿ

ಸೋದರಿಯರೇ, ನಮ್ಮ ಮುಳ್ಳೂರಿಗೆ ಕಾವೇರಿ ಹತ್ತಿರ, ರೈಲು ದೂರ. ತಾಲ್ಲೂಕು ಕೇಂದ್ರವಾದ ಕೊಳ್ಳೇಗಾಲಕ್ಕೇ ಇನ್ನೂ ರೈಲು ಬಂದಿಲ್ಲ. ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿ ಹತ್ತಬೇಕು. ಅಂಥ ಊರಿನವಳು ಪರದೇಶದ ರೈಲಿನಲ್ಲಿ ರಾತ್ರಿಯೆಲ್ಲ ಮಲಗಿ ಬಂದೆ ಎಂದರೆ ನೆರೆಮನೆಯವರು ನಕ್ಕರು. ನೀವಾದರೂ ನಂಬಿ!

ನನ್ನ ತಂಗಿಯ ಸಂಸಾರ ಬ್ಯಾಂಕಾಕಿನಲ್ಲಿದೆ. ಹೋದ ವರ್ಷ ನಾನೂ ನಮ್ಮ ಯಜಮಾನರೂ ಅವಳ ಮನೆಗೆ ಹೋಗಿದ್ದಾಗ, "ಚಿಯಾಂಗ್ ಮಾಯ್ ನೋಡ್ಕೊಂಡು ಬರೋಣ ಅಕ್ಕ" ಎಂದಳು. ಉತ್ತರಕ್ಕೆ 751 ಕಿಲೋಮೀಟರ್ ದಾರಿ. ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಯುವುದು.

ಆಗ ನಮ್ಮ ಮನೆಯಲ್ಲೊಂದು ಮಾತು ಇತ್ಯರ್ಥವಾಗದೆ ನಿಂತಿತ್ತು. ಮಗಳಿಗೆ ವಿಜಯಪುರದಲ್ಲಿ ಕೆಲಸ ಸಿಕ್ಕಿತ್ತು. ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಹೋಗಬೇಕು. "ಹೆಣ್ಣು ಮಗು ಒಬ್ಬಳೇ ರಾತ್ರಿ ರೈಲಲ್ಲಾ? ಆಗದ ಮಾತು" ಎಂದು ಇವರು ಕಡ್ಡಿ ಮುರಿದಿದ್ದರು. ಹಾಗಾಗಿ ಆ ರೈಲಿನ ಒಂದೊಂದನ್ನೂ ನಾನು ಮಗಳ ಕಣ್ಣಿನಿಂದಲೇ ನೋಡಿದೆ ಎನ್ನಿ.

ಬ್ಯಾಂಕಾಕಿನಲ್ಲಿ ದೂರದ ರೈಲುಗಳು ಹೊರಡುವುದು ಕ್ರುಂಗ್ ಥೇಪ್ ಅಪಿವತ್ ಎಂಬ ಹೊಸ ನಿಲ್ದಾಣದಿಂದ. 2023ರ ಜನವರಿಯವರೆಗೆ ಹಳೆಯ ಹುವಾ ಲಂಫೋಂಗ್ ನಿಲ್ದಾಣದಿಂದ ಹೊರಡುತ್ತಿದ್ದವು. ಹಳಿ ಮಾತ್ರ ಮೀಟರ್ ಗೇಜು, ನಮ್ಮ ಮೈಸೂರು–ಚಾಮರಾಜನಗರ ರೈಲಿಗೆ ಹಿಂದೆ ಇದ್ದಂತೆಯೇ.

ತಂಗಿ ಟಿಕೆಟ್ ತೆಗೆಯುವಾಗಲೇ ನಮ್ಮಿಬ್ಬರಿಗೆ ಹೆಂಗಸರ ಬೋಗಿ ಕೇಳಿದ್ದಳು. ಅಲ್ಲಿ ಹೆಂಗಸರು, ಚಿಕ್ಕ ಮಕ್ಕಳು ಮಾತ್ರ. ನಮ್ಮ ಯಜಮಾನರೂ ತಂಗಿಯ ಗಂಡನೂ ಬೇರೆ ಬೋಗಿಗೆ! ಇವರ ಮುಖ ನೋಡಬೇಕಿತ್ತು ನೀವು.

ಅಲ್ಲಿಯ ಎರಡನೇ ದರ್ಜೆಯಲ್ಲಿ ನಡುವೆ ಓಡಾಡುವ ದಾರಿ. ಎರಡೂ ಪಕ್ಕಕ್ಕೆ ನಮ್ಮ ಸೈಡ್ ಬರ್ತಿನ ಹಾಗೆ ಉದ್ದಕ್ಕೆ, ಕೆಳಗೊಂದು ಮೇಲೊಂದು ಹಾಸಿಗೆ. ಹಗಲು ಎದುರುಬದುರು ಕೂರುವ ಆಸನಗಳನ್ನೇ ರಾತ್ರಿ ಸಿಬ್ಬಂದಿಯವರು ಬಂದು ಎಳೆದು, ಶುಭ್ರವಾದ ಹೊದಿಕೆ ಹಾಸಿ, ದಿಂಬಿಟ್ಟು, ಪರದೆ ಕಟ್ಟಿ ಹೋಗುತ್ತಾರೆ. ಕೆಳಗಿನದು ಅಗಲ, ಕಿಟಕಿಯೂ ಉಂಟು, ದರವೂ ಹೆಚ್ಚು. ಎ.ಸಿ. ಚಳಿಗೆ ಶಾಲು ಬೇಕೇ ಬೇಕು. ದೀಪ ರಾತ್ರಿಯೆಲ್ಲ ಉರಿಯುವುದರಿಂದ ಕಣ್ಣಿಗೆ ಕಟ್ಟಲು ಕರವಸ್ತ್ರ ಇಟ್ಟುಕೊಳ್ಳಿ. ಆ ನಾಡಿನ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುವುದುಂಟು. ಮಾಂಸ, ಮೀನು ಸೇರದ ಊಟಕ್ಕೆ "ಜೇ" ಎಂದು ಕೇಳಬೇಕು. ನಾವಂತೂ ಪುಳಿಯೋಗರೆ, ಚಪಾತಿ ಕಟ್ಟಿಕೊಂಡಿದ್ದೆವು.

ಪರದೆ ಎಳೆದುಕೊಂಡರೂ ನನಗೆ ಕಣ್ಣು ಹತ್ತಲಿಲ್ಲ. "ಸುಮ್ನೆ ಮಲಕ್ಕೊ ಅಕ್ಕ, ಇಲ್ಲಿ ಯಾರೂ ಬರಲ್ಲ" ಎಂದ ತಂಗಿ, ಆ ಬೋಗಿ ಹುಟ್ಟಿದ ಕತೆ ಹೇಳಿದಳು. 2014ರ ಜುಲೈನಲ್ಲಿ, ದಕ್ಷಿಣದಿಂದ ಬ್ಯಾಂಕಾಕಿಗೆ ಬರುತ್ತಿದ್ದ ರಾತ್ರಿ ರೈಲಿನಲ್ಲಿ 13 ವರ್ಷದ ಹುಡುಗಿಯನ್ನು ಕೆಡಿಸಿ ಕೊಂದರು. ಪಾಪಿ ರೈಲ್ವೆಯ ನೌಕರನೇ. ದೇಶವೆಲ್ಲ ಸಿಟ್ಟಿಗೆದ್ದ ಮೇಲೆ ಅದೇ ವರ್ಷ ಹೆಂಗಸರ ಬೋಗಿ ಬಂತು, ರೈಲಿನಲ್ಲಿ ಮದ್ಯ ನಿಷೇಧವಾಯಿತು.

ಕೇಳಿ ಕರುಳು ಹಿಂಡಿದಂತಾಯಿತು. ಯಾವ ತಾಯಿಯ ಮಗುವೋ! ನಾನು ನಿಶ್ಚಿಂತೆಯಿಂದ ಮಲಗಲೆಂದು ಆ ಮಗು ಬೆಲೆ ತೆತ್ತಿತೇ ಅನಿಸಿತು. ಹೆಣ್ಣು ಧೈರ್ಯ ಮಾಡಬೇಕು ಎನ್ನುತ್ತಾರೆ. ಧೈರ್ಯವೊಂದಿದ್ದರೆ ಸಾಲದು, ಏರ್ಪಾಟೂ ಬೇಕು. ಯೋಚಿಸುತ್ತಲೇ ನಿದ್ದೆ ಹೋದೆ.

ಎಚ್ಚರವಾದಾಗ ಕಿಟಕಿಯಾಚೆ ಬೆಟ್ಟ, ಬಿದಿರು. ನಮ್ಮ ಮಾದಪ್ಪನ ಬೆಟ್ಟದ ಹಾದಿಯೇ ನೆನಪಾಯಿತು. ರೈಲು ಖುನ್ ತಾನ್ ಸುರಂಗ ಹೊಕ್ಕಿತು. ಸುಮಾರು 1350 ಮೀಟರ್ ಉದ್ದ, 1907ರಲ್ಲಿ ಅಗೆಯಲು ತೊಡಗಿ 1918ರಲ್ಲಿ ಮುಗಿಸಿದ್ದಂತೆ. ಇಳಿದಾಗ ಇವರು ಕೆಂಪು ಕಣ್ಣು ಮಾಡಿಕೊಂಡು ಬಂದರು. ಪೆಟ್ಟಿಗೆ ಕಾಯುತ್ತ ನಿದ್ದೆಯಿಲ್ಲ! "ನಿನಗೆ ನಿದ್ದೆ ಬಂತಾ?" ಎಂದರು. "ಬಂತು. ಏರ್ಪಾಟಿದ್ದರೆ ಮಗಳಿಗೂ ಬರುತ್ತೆ" ಎಂದೆ. "ನಮ್ಮಲ್ಲಿ ಹೀಗೆಲ್ಲಿದೆ?" ಎಂದರು.

ಊರಿಗೆ ಬಂದು ವಿಚಾರಿಸಿದೆವು. ಇದೆಯಂತೆ ನೋಡಿ! ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಒಂಟಿಯಾಗಿಯೋ ಗುಂಪಾಗಿಯೋ ಹೋಗುವ ಹೆಂಗಸರಿಗೆಂದು 6 ಬರ್ತುಗಳ ಕೋಟಾ ಇದೆ, ವಯಸ್ಸಿನ ಮಿತಿಯಿಲ್ಲ. 45 ದಾಟಿದವರಿಗೆ ಕೆಳಗಿನ ಬರ್ತಿಗೆ ಬೇರೆ ಕೋಟಾ. ತೊಂದರೆಯಾದರೆ 139ಕ್ಕೆ ಫೋನ್ ಮಾಡಬಹುದು. ಒಂಟಿ ಹೆಂಗಸರನ್ನು ವಿಚಾರಿಸಿಕೊಳ್ಳಲು ರೈಲ್ವೆ ರಕ್ಷಣಾ ಪಡೆಯ 'ಮೇರಿ ಸಹೇಲಿ' ತಂಡಗಳು 2020ರಿಂದ ಇವೆ. ಟಿಕೆಟ್ ತೆಗೆಯುವಾಗ ಬಾಯಿಬಿಟ್ಟು ಕೇಳಿ, ಸೋದರಿಯರೇ. ಕೇಳದಿದ್ದರೆ ಇದ್ದದ್ದೂ ಇಲ್ಲದಂತೆಯೇ.

ಮಗಳು ಕೆಲಸಕ್ಕೆ ಸೇರಿದಳು. ಮೊದಲ ಸಲ ಅಪ್ಪನೇ ಜೊತೆಗೆ ಹೋದರು, ಈಗ ಒಬ್ಬಳೇ ಓಡಾಡುತ್ತಾಳೆ. ನಮ್ಮ ಸ್ಲೀಪರಿನಲ್ಲಿ ಪರದೆಯಿಲ್ಲ, ಅದಕ್ಕೆ ನನ್ನ ಹಳೆಯ ನೂಲಿನ ಸೀರೆ ಕತ್ತರಿಸಿ, ಅಂಚು ಹೊಲಿದು, ನಾಲ್ಕು ಮೂಲೆಗೂ ಲಾಡಿ ಹಚ್ಚಿ ಕೊಟ್ಟಿದ್ದೇನೆ. ಸೈಡ್ ಬರ್ತಿಗೆ ಸರಿಯಾಗಿ ಕೂರುತ್ತದೆ. ನೀವೂ ಹೊಲಿದು ನೋಡಿ.