ಕಂಪ್ಲಿಯಿಂದ ಹೊಸಪೇಟೆಗೆ ಎಷ್ಟು ದೂರ?

ಹಂಪಿಗೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಕಲ್ಲಿನ ರಥ, ಕಮಲ ಮಹಲ್, ತುಂಗಭದ್ರಾ ಅಣೆಕಟ್ಟು ನೋಡಿ, ಮಕ್ಕಳ ಫೋಟೋ ತೆಗೆದು ಮರಳಿರುತ್ತೀರಿ. ನಮ್ಮ ಮಹಿಳಾ ಬಳಗದ ಹನ್ನೊಂದು ಮಂದಿ ಈ ಸಲ ಅದೇ ದಾರಿಯಲ್ಲಿ ಶಾಲೆಗಳನ್ನು ನೋಡಲು ಹೊರಟೆವು. ಹತ್ತನೆಯ ತರಗತಿಯ ಬಳಿಕ ನಮ್ಮ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ ಎಂದು ತಿಳಿಯಬೇಕಿತ್ತು.

ಬೆಳಿಗ್ಗೆ ಮೊದಲು ಸಂಡೂರು. ಮಳೆ ಬಿದ್ದು ಗುಡ್ಡಗಳೆಲ್ಲ ಹಸಿರಾಗಿದ್ದವು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಎಲೆಗಳು ಮಾತ್ರ ಕೆಂಪು. ಉರ್ದು ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಹೇಳಿದ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೆಯ ತರಗತಿಗೆ ಪ್ರವೇಶ. ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಆದರೆ ಮಗು ಐದನೆಯ ತರಗತಿಯಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. "ತಾಯಂದಿರು ಒಂದು ವರ್ಷ ತಡವಾಗಿ ಬಂದು ಕೇಳುತ್ತಾರೆ" ಎಂದು ಅವರು ನೊಂದುಕೊಂಡರು. ಸಂಡೂರಿನ ಲಂಬಾಣಿ ಕಸೂತಿ ಹೆಸರುವಾಸಿ. ಅದನ್ನು ಕೊಳ್ಳದೆ ಬರುವುದಿಲ್ಲ ಎಂದವರನ್ನು ವ್ಯಾನಿಗೆ ಹತ್ತಿಸುವುದೇ ಒಂದು ಕೆಲಸವಾಯಿತು!

ಹೊಸಪೇಟೆಗೆ ಮರಳಿ ಒಂದು ಕಾಲೇಜಿಗೆ ಹೋದೆವು. ಅಲ್ಲಿ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಸಲಾಂ ಹೇಳಿ ತಾನಾಗಿಯೇ ಮಾತಿಗೆ ಬಂದಳು. ದಿನವೂ ಕಂಪ್ಲಿಯಿಂದ ಬರುತ್ತಾಳೆ. ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಒಂದೇ ಬೀದಿಯ ಮೂವರು ಹುಡುಗಿಯರು ಕೂಡಿ ಹೊರಡುತ್ತಾರೆ, ಕೂಡಿ ಮರಳುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನ ಖರ್ಚೂ ಇಲ್ಲ. "ಉರ್ದು ಶಾಲೆಯಲ್ಲಿ ಓದಿದವಳು ನಾನು. ಮೊದಲ ವರ್ಷ ಕನ್ನಡದಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದೆ, ಆಪಾ" ಎಂದಳು. ಈಗ ಅವಳ ಕನ್ನಡ ನಮ್ಮದಕ್ಕಿಂತ ಚೆನ್ನಾಗಿದೆ.

ಈ ಹೆದರಿಕೆಯ ಮಾತು ಹಂಪಿಯಲ್ಲಿ ಮತ್ತೆ ನೆನಪಾಯಿತು. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ ಅಹ್ಮದ್ ಖಾನನ ಮಸೀದಿ ಇದೆ. ಪ್ರವಾಸಿಗರು ಅಲ್ಲಿ ಇಳಿಯುವುದು ಕಡಿಮೆ. ಎರಡನೆಯ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಇದನ್ನು ಕಟ್ಟಿಸಿದ. ಅಲ್ಲಿನ ಕನ್ನಡ ಶಾಸನ ಇದನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ, ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ಆರು ಶತಮಾನಗಳಷ್ಟು ಹಿಂದೆಯೇ ಅವನು ತನ್ನ ಮಾತನ್ನು ಕನ್ನಡದಲ್ಲಿ ಕೆತ್ತಿಸಿದ್ದಾನೆ! ಅಲ್ಲಿಂದ ಸ್ವಲ್ಪ ದೂರದಲ್ಲೇ 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯವಿದೆ. ಕರ್ನಾಟಕದ ಸೂಫಿಗಳ ಬಗ್ಗೆ ಬರೆದ ರಹಮತ್ ತರೀಕೆರೆಯವರು ಬಹುಕಾಲ ಕಲಿಸಿದ್ದು ಇಲ್ಲಿಯೇ. ಮಕ್ಕಳನ್ನು ಹಂಪಿಗೆ ಕರೆತಂದಾಗ ಇಲ್ಲಿಗೂ ಕರೆತನ್ನಿ.

ಕಂಪ್ಲಿ ತಲುಪುವಾಗ ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಸುತ್ತಲೂ ಭತ್ತದ ಗದ್ದೆ, ಬಾಳೆ ತೋಟ. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ವಿದ್ಯಾರ್ಥಿವೇತನ, ಹಾಸ್ಟೆಲ್ ಎಂದು ಜಿಲ್ಲಾ ಕಚೇರಿಗೆ ಅಲೆಯುವವರು ಇದನ್ನು ಮರೆಯಬಾರದು.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಎಂದು ಮುಖ್ಯೋಪಾಧ್ಯಾಯಿನಿ ತೋರಿಸಿದರು. ಹೊಸಪೇಟೆಯಲ್ಲಿ ವಿಜ್ಞಾನ ಓದುವ ಆಸೆ ಅವಳಿಗೆ. ಕರೆದೊಯ್ಯಲು ಬಂದಿದ್ದ ಅವಳ ಅಮ್ಮಿ ತಲೆಯಾಡಿಸಿದರು. "ಊರಲ್ಲೇ ಏನಾದರೂ ಓದಲಿ. ಒಬ್ಬಳನ್ನೇ ಅಷ್ಟು ದೂರ ಹೇಗೆ ಕಳಿಸಲಿ? ಅವಳ ಅಬ್ಬಾ ಒಪ್ಪುವುದಿಲ್ಲ" ಎಂದರು. ಅವರ ಚಿಂತೆ ಸುಳ್ಳಲ್ಲ. ನಮ್ಮಲ್ಲಿ ಯಾರೂ ವಾದಕ್ಕೆ ಇಳಿಯಲಿಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಸಿಕ್ಕ ಹುಡುಗಿಯ ಸಂಗತಿ ಹೇಳಿದೆವು. ಮೂವರು ಕೂಡಿ ಹೋಗುವುದು, ಹೊರಡುವ ಹೊತ್ತು, ಮರಳುವ ಹೊತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗಳು ನೆಲ ನೋಡುತ್ತಾ ನಿಂತಿದ್ದಳು. ಆಮೇಲೆ ಅಮ್ಮಿ ದುಪಟ್ಟಾ ಸರಿಪಡಿಸಿಕೊಂಡು ಕೇಳಿದರು: "ಆ ಹುಡುಗಿಯ ಮನೆ ಯಾವ ಬೀದಿಯಲ್ಲಿದೆ?"