ಜೀಪಿನ ಮೆಟ್ಟು

ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪು ಕೊಂಡವನು ಮಲೆನಾಡನ್ನು ಗೆದ್ದೆನೆಂದುಕೊಳ್ಳುತ್ತಾನೆ. ಎಂಜಿನ್ನಿನ ಬಲವೆಲ್ಲ ನೆಲ ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳಿಂದ ಎಂಬುದು ಮೊದಲ ಮಳೆಯಲ್ಲೇ ತಿಳಿಯುತ್ತದೆ.

ಟೈರುಗಳಲ್ಲೂ ಗುಣಭೇದ ಉಂಟು. ಕೆಸರು ಟೈರಿನ ಹಲ್ಲುಗಳ ನಡುವೆ ಸಂದು ಅಗಲ. ತಿರುಗುತ್ತ ಕೆಸರನ್ನು ಹೊರಗೆಸೆಯುತ್ತದೆ. ಡಾಂಬರಿನ ಮೇಲೆ ಮಾತ್ರ ಗುಂಯ್‌ಗುಟ್ಟುತ್ತದೆ, ನೆನೆದ ಡಾಂಬರಿನಲ್ಲಿ ಹಿಡಿತವೂ ಕಡಿಮೆ. ರಸ್ತೆಯ ಟೈರು ಡಾಂಬರಿನಲ್ಲಿ ಸಾಧು. ಕೆಸರಿನಲ್ಲಿ ಸಂದೆಲ್ಲ ಮೆತ್ತಿಕೊಂಡು ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತದೆ. ಟೈರಿನ ಪಕ್ಕೆಯಲ್ಲಿ ಜಾತಕವೂ ಇದೆ: 2319 ಎಂದರೆ 2019ರ 23ನೆಯ ವಾರದ ಶಿಶು.

ನಮ್ಮ ಮನೆಯಿಂದ 3 ಕಿಲೋಮೀಟರು ಮಣ್ಣುದಾರಿ, ಆಮೇಲೆ ಆಸ್ಪತ್ರೆಗೆ 30 ಕಿಲೋಮೀಟರು ಡಾಂಬರು. ಲೆಕ್ಕದಲ್ಲಿ ಡಾಂಬರಿನದೇ ಗೆಲುವು, ಅಂಗಡಿಯವರೂ ಹಾಗೆಂದರು. ಆದರೆ ಆಷಾಢದ ರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಹೊರಟವನಿಗೆ, ಆ ಮೂರು ದಾಟದಿದ್ದರೆ ಮೂವತ್ತು ಇದ್ದೇನು ಫಲ? ಡಾಂಬರಿನಲ್ಲಿ ನಿಧಾನವಾಗಿ ಹೋಗುವುದು ನಮ್ಮ ಕೈಯಲ್ಲಿದೆ. ಕೆಸರಿನಲ್ಲಿ ಹಿಡಿತ ನಮ್ಮ ಕೈಯಲ್ಲಿಲ್ಲ. ಕೆಸರು ಟೈರನ್ನೇ ಹಾಕಿಸಿದೆ.

ಅದೂ ನಾಲ್ಕಕ್ಕೂ ಒಂದೇ ಅಳತೆಯದು. ನಮ್ಮಂಥ ಹಳೆಯ ಬಗೆಯ ಜೀಪಿನಲ್ಲಿ ನಾಲ್ಕರ ಎಳೆತ ಹಾಕಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಜೊತೆಯಾಗಿ ತಿರುಗಬೇಕು. ಚಕ್ರಗಳ ಸುತ್ತಳತೆ ಬೇರೆಯಾದರೆ ಗೇರುಗಳಿಗೆ ಜಗಳ.

ಡಾಂಬರಿನ ಮೇಲೆ ಆ ಗುಂಯ್ ಸದ್ದಿಗೆ ನೆಂಟರು ಮುಖ ಸಿಂಡರಿಸುತ್ತಾರೆ. ನನಗೋ ಅದು, ಕೆಸರು ದಾಟಿದೆವೆಂಬ ಸುದ್ದಿ.