ಅಮ್ಮ, ಈರುಳ್ಳಿ ಗೊಂಚಲು ಮತ್ತು ಬಾಲ ಬೀಸಿದ ಟ್ರೇಲರ್

ಅಮ್ಮ ಭಟ್ಕಳಕ್ಕೆ ಹೋಗದೆ ನಾಲ್ಕು ವರ್ಷವಾಗಿತ್ತು. ನಮ್ಮ ಮನೆ ಕುಮಟಾದಲ್ಲಿ, ದೊಡ್ಡಮ್ಮನ ಮನೆ ಭಟ್ಕಳದಲ್ಲಿ. ನಡುವೆ ಇರೋದು ಸುಮಾರು 60 ಕಿ.ಮೀ. ಅಷ್ಟೆ. ಆದರೂ ದೊಡ್ಡಮ್ಮ ಫೋನ್ ಮಾಡಿ ಕರೆದಾಗಲೆಲ್ಲ ಅಮ್ಮನ ಹತ್ತಿರ ಒಂದು ನೆಪ ಸಿದ್ಧ. ಕಾಲುನೋವು, ಬೆಕ್ಕು ಮರಿ ಹಾಕಿದೆ, ಅಡಿಕೆ ಒಣಗ್ಸಿಟ್ಟಿದ್ದೆ. ನಾನು ಬೆಂಗಳೂರಲ್ಲಿ ಕೂತು ಅದನ್ನೆಲ್ಲ ನಿಜ ಅಂತಲೇ ನಂಬಿದ್ದೆ.

ನಿಜವಾದ ಕಾರಣ ಗೊತ್ತಾದದ್ದು ಕಳೆದ ದೀಪಾವಳಿಗೆ ಊರಿಗೆ ಹೋದಾಗ. ಮದುವೆ ಮನೆಗೆ ಹೊರಡುವ ದಿನ ಅಮ್ಮ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಕೇಳಿದರೆ, "ಹೊರಗೆ ಹೋದ್ರೆ ಎಲ್ಲಿ ಹೋಗೂದು ಮಗಾ? ಅರ್ಧ ಗಂಟೆ ತಡೀಲಿಕ್ಕೆ ಆಗೂದಿಲ್ಲ ಈಗ" ಅಂದಳು. 67 ವರ್ಷದ ಹೆಂಗಸಿಗೆ ಪೆಟ್ರೋಲ್ ಬಂಕಿನ ಹಿಂದಿನ ಆ ಬಾಗಿಲು ತೆರೆಯೋಕೆ ಹೇಸಿಗೆ, ಅದರ ಮುಂದೆ ನಿಂತು ಕೀಲಿ ಕೇಳೋಕೆ ನಾಚಿಕೆ. ಅದಕ್ಕೆ ನಾಲ್ಕು ವರ್ಷ ಅಕ್ಕನನ್ನೇ ನೋಡಿರಲಿಲ್ಲ. ದೊಡ್ಡಮ್ಮನಿಗೆ ಆಗಲೇ ಪಾರ್ಶ್ವವಾಯು ಬಡಿದು, ಬಲಗೈ ಬಿದ್ದುಹೋಗಿತ್ತು.

ನಾನೂ ತಮ್ಮನೂ ಸೇರಿ ಹಳೇ ಕ್ಯಾಂಪಿಂಗ್ ಟ್ರೇಲರ್ ಒಂದನ್ನು ಕೊಂಡದ್ದು ಇದಕ್ಕೇ. ಪ್ರವಾಸದ ಹುಚ್ಚಿಗೆ ಅಂತ ಆಫೀಸಿನವರು ತಿಳಿದುಕೊಂಡರು, ತಿಳ್ಕೊಳ್ಳಲಿ ಬಿಡಿ. ಚಿಕ್ಕದು, ಒಂದೇ ಆ್ಯಕ್ಸಲ್, ಖಾಲಿ ತೂಕ 520 ಕೆ.ಜಿ. ಒಳಗೆ ಒಂದು ಮಂಚ, ಒಂದು ಒಲೆ, ಮೂಲೆಯಲ್ಲಿ ಪರದೆ ಹಿಂದೆ ಪುಟ್ಟ ಪೋರ್ಟಬಲ್ ಟಾಯ್ಲೆಟ್. ಅಮ್ಮನಿಗೆ ತೋರಿಸಿದಾಗ ಮಂಚವನ್ನೂ ನೋಡಲಿಲ್ಲ, ಒಲೆಯನ್ನೂ ನೋಡಲಿಲ್ಲ. ಪರದೆ ಸರಿಸಿ ನೋಡಿ, "ಇದಕ್ಕೆ ಚಿಲಕ ಹಾಕ್ಸು" ಅಂದಳು. ಹಾಕಿಸಿದೆವು.

ಇನ್ನೊಂದು ಮಾತು, ಕೊಳ್ಳುವವರಿಗೆ: 1988ರ ಮೋಟಾರು ವಾಹನ ಕಾಯ್ದೆ ಟ್ರೇಲರ್ ಅನ್ನೂ ಒಂದು ವಾಹನ ಅಂತಲೇ ಎಣಿಸುತ್ತದೆ. ಅದಕ್ಕೆ ಅದರದೇ ನೋಂದಣಿ ಬೇಕು. ಕಾಗದಪತ್ರ ಇಲ್ಲದ್ದನ್ನು ಅಗ್ಗಕ್ಕೆ ಸಿಗ್ತದೆ ಅಂತ ತರಬೇಡಿ. ನಿಮ್ಮ ಕಾರು ಎಷ್ಟು ತೂಕ ಎಳೆಯಬಹುದು ಅನ್ನೋದನ್ನೂ ಮೊದಲೇ ಕೇಳಿಕೊಳ್ಳಿ.

ಮೇ ತಿಂಗಳ ಒಂದು ಶನಿವಾರ ಹೊರಟೆವು. ಸ್ಟೀರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ತಮ್ಮ, ಹಿಂದಿನ ಸೀಟಲ್ಲಿ ಅಮ್ಮ. ಟ್ರೇಲರ್ ಒಳಗೆ ಮಲಗಿಕೊಂಡು ಬರ್ತೇನೆ ಅಂತ ಅಮ್ಮ ಹಟ ಮಾಡಿದ್ದಳು. ಓಡುವಾಗ ಅದರೊಳಗೆ ಯಾರೂ ಇರಬಾರದು ಅಂತ ತಮ್ಮ ಖಡಾಖಂಡಿತ ಹೇಳಿದ. ಅವನ ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಹೊರಡುವ ಮೊದಲು ಹಿಂಬದಿಯ ನೀರಿನ ಟ್ಯಾಂಕನ್ನು ತುಂಬಿಸಿದೆವು, 40 ಲೀಟರ್. ಮನೆಯ ಮೂರು ಹಲಸಿನಕಾಯಿ ಹಿಂದಿನ ಬಾಗಿಲ ಹತ್ತಿರ ಇಟ್ಟೆವು, ಇಳಿಸೋಕೆ ಸುಲಭ ಅಂತ. ಕುಮಟಾ ದಾಟಿದ ಮೇಲೆ ಹಂದಿಗೋಣ, ಅಳ್ವೆಕೋಡಿ ಕಡೆ ಬೇಸಿಗೆಯಲ್ಲಿ ರಸ್ತೆಬದಿಗೆ ಈರುಳ್ಳಿ ಗೊಂಚಲು ನೇತುಹಾಕಿರೋದು ನೀವೂ ನೋಡಿರ್ತೀರಿ. ನಮ್ಮ ಕುಮಟಾದ ಸಿಹಿ ಈರುಳ್ಳಿ. ದೊಡ್ಡಮ್ಮನಿಗೆ, ಅವಳ ಮಗಳಿಗೆ, ಪಕ್ಕದ ಮನೆಗೆ ಅಂತ ಅಮ್ಮ ಆರಿಸಿ ಆರಿಸಿ 25 ಕೆ.ಜಿ. ಕೊಂಡಳು. ಜಜ್ಜಿಹೋಗಬಾರದು ಅಂತ ಗೊಂಚಲುಗಳನ್ನು ಟ್ರೇಲರಿನ ಹಿಂದಿನ ಗೋಡೆಯ ಕೊಕ್ಕೆಗಳಿಗೆ ಸಾಲಾಗಿ ನೇತುಹಾಕಿದೆವು. ಫೋಟೋ ಕೂಡ ತೆಗೆದು ಸ್ಟೇಟಸ್ ಹಾಕಿದೆ. ಚೆಂದ ಇತ್ತು.

ಧಾರೇಶ್ವರ, ಹಳದೀಪುರ, ಕರ್ಕಿ. 50ರ ವೇಗದಲ್ಲಿ ಏನೂ ತೊಂದರೆ ಇರಲಿಲ್ಲ. ಹೊನ್ನಾವರದಲ್ಲಿ ಅಮ್ಮ ಒಮ್ಮೆ ಇಳಿದು, ಟ್ರೇಲರಿಗೆ ಹೋಗಿ, ಚಿಲಕ ಹಾಕಿಕೊಂಡು, ಹೊರಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದಳು. ಪ್ರಯಾಣದಲ್ಲಿ ಅಮ್ಮ ಏನಾದರೂ ಕುಡಿದದ್ದನ್ನು ನಾನು ನೋಡಿದ್ದು ಎಷ್ಟೋ ವರ್ಷಕ್ಕೆ.

ಶರಾವತಿ ಸೇತುವೆ ಮೇಲೆ ಕಡಲ ಕಡೆಯಿಂದ ಗಾಳಿ ಬೀಸ್ತಾ ಇತ್ತು. ಅಲ್ಲಿ ಮೊದಲ ಸಲ ಸ್ಟೀರಿಂಗಿನಲ್ಲಿ ಏನೋ ಒಂದು ಕಚಗುಳಿ. ಯಾರೋ ಹಿಂದಿನಿಂದ ಅಂಗಿ ಜಗ್ಗಿ ಬಿಟ್ಟ ಹಾಗೆ. ಗಾಳಿ ಇರಬೇಕು ಅಂದುಕೊಂಡೆ. ಅಮ್ಮ ರೈಲ್ವೆ ಸೇತುವೆ ತೋರಿಸ್ತಾ ಇದ್ದಳು. ಕೊಂಕಣ ರೈಲ್ವೆಯ ಎಲ್ಲ ಸೇತುವೆಗಳಲ್ಲಿ ಉದ್ದದ್ದು ಇದೇ, 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಲಾರಿಗಳನ್ನೇ ಸಾಲಾಗಿ ಬೆನ್ನ ಮೇಲೆ ಹೊತ್ತ ರೋ-ರೋ ರೈಲು ಈ ಮಾರ್ಗದಲ್ಲಿ 1999ರಿಂದ ಓಡ್ತಿದೆ. ಅದು ಆ ಹೊತ್ತಿಗೆ ಬಂದೀತಾ ಅಂತ ಅಮ್ಮನಿಗೆ ಆಸೆ. ಬರಲಿಲ್ಲ. ಆ ಕಚಗುಳಿ ಒಂದು ಎಚ್ಚರಿಕೆ ಅಂತ ನನಗೆ ಹೊಳೀಲೂ ಇಲ್ಲ.

ಕಾಸರಕೋಡ ದಾಟಿದ ಮೇಲೆ ರಸ್ತೆ ಅಗಲ, ಖಾಲಿ. ಕಾಲು ತಾನೇ ಒತ್ತಿತು. ಮಂಕಿಗಿಂತ ಮೊದಲು ಒಂದು ಇಳಿಜಾರಿನಲ್ಲಿ 75 ಮುಟ್ಟಿತ್ತು. ಅದೇ ಹೊತ್ತಿಗೆ ಒಂದು ಬಸ್ಸು ಬಲಗಡೆಯಿಂದ ರೊಯ್ಯನೆ ಮುಂದೆ ಹೋಯಿತು. ಅದರ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳಿತು, ಆಮೇಲೆ ಈಚೆ ಎಳೆಯಿತು. ನಾಯಿ ಬಾಲ ಆಡಿಸಿದ ಹಾಗೆ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೂರನೇ ಬೀಸಿಗೆ ಬಾಲವೇ ನಾಯಿಯನ್ನು ಆಡಿಸೋಕೆ ಶುರು ಮಾಡಿತು. ಕಾರಿನ ಹಿಂಭಾಗ ನನ್ನ ಮಾತು ಕೇಳ್ತಾ ಇರಲಿಲ್ಲ. ಕನ್ನಡಿಯಲ್ಲಿ ಟ್ರೇಲರಿನ ಎಡಗೋಡೆ ಕಂಡಿತು, ಮರುಕ್ಷಣ ಬಲಗೋಡೆ.

ನಾನು ಮಾಡಬಾರದ ಎರಡನ್ನೂ ಮಾಡಿದೆ. ಅದು ಎಡಕ್ಕೆ ಹೋದಾಗ ಸ್ಟೀರಿಂಗ್ ತಿರುಗಿಸಿದೆ. ನಾನು ತಿರುಗಿಸೋ ಹೊತ್ತಿಗೆ ಅದು ಬಲಕ್ಕೆ ಬಂದಾಗಿತ್ತು, ಹಾಗಾಗಿ ನನ್ನ ತಿರುವು ಅದಕ್ಕೆ ಇನ್ನೊಂದು ದೂಡು ಕೊಟ್ಟ ಹಾಗಾಯ್ತು. ಆಮೇಲೆ ಬ್ರೇಕ್ ಒತ್ತಿದೆ. ಕಾರು ನಿಧಾನವಾಯ್ತು, ಹಿಂದಿನ 600 ಕೆ.ಜಿ. ಆಗಲಿಲ್ಲ. ಅದು ಕಾರಿನ ಬೆನ್ನಿಗೆ ಒತ್ತಿಕೊಂಡು ಬಂತು.

"ಬ್ರೇಕ್ ಬಿಡು! ಸ್ಟೀರಿಂಗ್ ನೆಟ್ಟಗೆ ಹಿಡಿ!" ತಮ್ಮ ಕೂಗಿದ್ದು ಕಿವಿಯಲ್ಲಿ ಇನ್ನೂ ಇದೆ. ಎರಡೂ ಕಾಲು ಎತ್ತಿಬಿಟ್ಟೆ. ಸ್ಟೀರಿಂಗನ್ನು ನಡುವಿಗೆ ಹಿಡಿದು ಕೈ ಬಿಗಿಮಾಡಿದೆ. ವೇಗ ತಾನೇ ಇಳಿಯಿತು. 65, 60. ಬೀಸು ಸಣ್ಣದಾಯ್ತು. 50ಕ್ಕೆ ಬರುವಾಗ ಏನೂ ಆಗೇ ಇಲ್ಲ ಅನ್ನೋ ಹಾಗೆ ಟ್ರೇಲರ್ ಸುಮ್ಮನೆ ಹಿಂದೆ ಬರ್ತಾ ಇತ್ತು. ಎದುರಿನಿಂದ ಆಗ ಒಂದು ಮೀನು ಲಾರಿ ಬಂದಿದ್ದರೆ? ಇದನ್ನು ಬರೀವಾಗಲೂ ಆ ಪ್ರಶ್ನೆ ಪೂರ್ತಿ ಮಾಡೋಕೆ ಆಗ್ತಿಲ್ಲ.

ಬದಿಗೆ ನಿಲ್ಲಿಸಿ ಇಳಿದಾಗ ನನ್ನ ಮೊಣಕಾಲು ನಡುಗ್ತಾ ಇತ್ತು. ಅಮ್ಮ ಒಂದು ಮಾತೂ ಆಡದೆ ಟ್ರೇಲರಿಗೆ ಹೋಗಿ, ಚಿಲಕ ಹಾಕಿ, ಬಂದಳು. ಮತ್ತೆ ಕಾರಿನ ಹಿಂದೆ ನಿಂತು ಕೊಂಡಿಯನ್ನೂ ಟ್ರೇಲರಿನ ಮೂತಿಯನ್ನೂ ನೋಡಿದಳು.

"ಇದು ಹಿಂದೆ ಭಾರ ಆಗಿದ್ಯಲ್ಲೇ. ಮೂಕಿ ಮೇಲೆ ಎದ್ದು ನಿಂತದೆ."

ಅಮ್ಮ ಗಾಡಿ ಇದ್ದ ಮನೆಯಲ್ಲಿ ಬೆಳೆದವಳು. ಅಜ್ಜ ಗಾಡಿಗೆ ತೆಂಗಿನಕಾಯಿ ಹೇರುವಾಗ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದನಂತೆ. ತೀರಾ ಹಗುರ ಬಂದರೆ ಹೇರು ಹಿಂದೆ ಹೋಗಿದೆ ಅಂತ ಅರ್ಥ. ಏರಿನಲ್ಲಿ ನೊಗ ಮೇಲೆದ್ದು ಎತ್ತಿನ ಕುತ್ತಿಗೆಗೆ ಉರುಳಾಗ್ತದೆ. ತೀರಾ ಭಾರ ಬಂದರೆ ಎತ್ತಿನ ಹೆಗಲು ಹುಣ್ಣಾಗ್ತದೆ. ಎರಡರ ನಡುವೆ ಸಿಗುವವರೆಗೆ ಕಾಯಿಗಳನ್ನು ಹಿಂದೆ ಮುಂದೆ ಮಾಡ್ತಾ ಇದ್ದನಂತೆ. ನಾನು ಹತ್ತು ವಿಡಿಯೋ ನೋಡಿದ್ದೆ. ಎಲ್ಲದರಲ್ಲೂ 'ಟಂಗ್ ವೇಟ್' ಅನ್ನೋ ಪದ ಇತ್ತು. ಅದು ಮೂಕಿಭಾರ ಅಂತ ಯಾರಾದರೂ ಹೇಳಿದ್ದರೆ ತಲೆಗೆ ಹೋಗ್ತಿತ್ತೇನೋ.

ಅಲ್ಲೇ ನೀರಿನ ಟ್ಯಾಂಕ್ ಖಾಲಿ ಮಾಡಿದೆವು. ಈರುಳ್ಳಿ ಕಾರಿನ ಡಿಕ್ಕಿಗೆ ಬಂತು. ಹಲಸಿನಕಾಯಿಗಳನ್ನು ಮಂಚದ ಕೆಳಗೆ, ಚಕ್ರಕ್ಕಿಂತ ಸ್ವಲ್ಪ ಮುಂದೆ ಇಟ್ಟು ಕಟ್ಟಿದೆವು. ಭಟ್ಕಳದವರೆಗೆ 40 ದಾಟಲಿಲ್ಲ. ಹಿಂದಿನವರು ಹಾರ್ನ್ ಹೊಡೆದದ್ದಕ್ಕೆ ಲೆಕ್ಕವಿಲ್ಲ.

ದೊಡ್ಡಮ್ಮನ ಮನೆಯಲ್ಲಿ ತಮ್ಮ ಸುಮ್ಮನಿರಲಿಲ್ಲ. ಅಕ್ಕ ತೂಕ ಇಳಿಸೋಕೆ ತಂದಿಟ್ಟಿದ್ದ ತೂಕದ ಯಂತ್ರ ಹೊರಗೆ ತಂದ. ಸಮತಟ್ಟು ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕೊಂಡಿಯ ಮೂತಿ ಕೂರಿಸಿದ. ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ. ಮೊದಲು ಎಲ್ಲ ಹಳೇ ಜಾಗದಲ್ಲೇ ಇಟ್ಟು ತೂಗಿದ, ಟ್ಯಾಂಕ್ ಮತ್ತೆ ತುಂಬಿಸಿ, ಈರುಳ್ಳಿ ಮತ್ತೆ ನೇತುಹಾಕಿ. ಮೂತಿಯ ಮೇಲೆ ಬಿದ್ದದ್ದು 14 ಕೆ.ಜಿ. ಆಮೇಲೆ ಹೊಸ ಜೋಡಣೆಯಲ್ಲಿ ತೂಗಿದ: 62.

ಇಂಥ ಟ್ರೇಲರುಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ, ಒಟ್ಟು ತೂಕದ ಶೇ. 10ರಿಂದ 15 ಕೊಂಡಿಯ ಮೇಲೆ ಕೂರಬೇಕು. ನಮ್ಮದು ಹೇರಿದಾಗ 609 ಕೆ.ಜಿ., ಅಂದರೆ 60ಕ್ಕಿಂತ ಕಡಿಮೆ ಇರಲೇಬಾರದಿತ್ತು. ನಾವು ಓಡಿಸಿದ್ದು ಅದರ ಕಾಲುಭಾಗದಲ್ಲಿ. ಹಿಂಬದಿಯ ಕೊನೆಯಲ್ಲಿಟ್ಟ ಪ್ರತಿ ಕಿಲೋ ಎರಡು ಕೆಟ್ಟ ಕೆಲಸ ಮಾಡ್ತದೆ. ಚಕ್ರವನ್ನು ನಡುವಿಟ್ಟು ಏತದ ಹಾಗೆ ಮೂತಿಯನ್ನು ಎತ್ತುತ್ತದೆ, ಮತ್ತೆ ಒಮ್ಮೆ ಬೀಸೋಕೆ ಶುರುವಾದರೆ ನಿಲ್ಲದ ಲೋಲಕವಾಗ್ತದೆ. ವೇಗ ಕಡಿಮೆ ಇದ್ದಾಗ ಪ್ರತಿ ಬೀಸೂ ಹಿಂದಿನದಕ್ಕಿಂತ ಸಣ್ಣದು, ತಾನೇ ಸಾಯ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ಬೀಸೂ ದೊಡ್ಡದು. ಹೇರು ಹಿಂದೆ ಹೋದಷ್ಟೂ ಆ ಗಡಿ ಕೆಳಗಿಳೀತದೆ. ನಮ್ಮ ಗಡಿ 75ರ ಹತ್ತಿರ ಇತ್ತು, ಅದನ್ನು ನಾವು ಇಳಿಜಾರಿನಲ್ಲಿ ಹುಡುಕಿಕೊಂಡೆವು.

ಬೀಸು ತಡೆಯೋಕೆ ಕೊಂಡಿಗೆ ಹಾಕುವ ಘರ್ಷಣೆಯ ಪಟ್ಟಿಗಳು ಸಿಗ್ತವೆ. ಒಳ್ಳೆಯವೇ. ಆದರೆ ತಪ್ಪು ಹೇರಿಗೆ ಅವು ಮದ್ದಲ್ಲ. ನಾವು ಆಮೇಲೆ ಸರಿ ಮಾಡಿದ್ದು ಸಣ್ಣಪುಟ್ಟ ವಿಷಯ: ಕೊಂಡಿಯ ಎತ್ತರ ಬದಲಿಸಿ ಟ್ರೇಲರ್ ನೆಲಕ್ಕೆ ಸಮನಾಗಿ ನಿಲ್ಲೋ ಹಾಗೆ ಮಾಡಿದೆವು, ಟೈರುಗಳ ಗಾಳಿ ನೋಡಿದೆವು, ಸುರಕ್ಷತಾ ಸರಪಳಿ ಎರಡನ್ನೂ ಕತ್ತರಿಯಾಕಾರದಲ್ಲಿ ಹಾಕಿದೆವು, ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಅದರ ಮೇಲೆ ಕೂರಲಿ ಅಂತ. ಕನ್ನಡಿಯಲ್ಲಿ ದೊಡ್ಡ ಬಸ್ಸು ಕಂಡ ಕೂಡಲೇ, ಅದು ಹತ್ತಿರ ಬರೋ ಮೊದಲೇ ನಾನೀಗ ಕಾಲು ಸಡಿಲ ಮಾಡ್ತೇನೆ.

ಆ ರಾತ್ರಿ ಟ್ರೇಲರ್ ಅಂಗಳದಲ್ಲೇ ಇತ್ತು. ದೊಡ್ಡಮ್ಮನನ್ನು ಕುರ್ಚಿ ಸಮೇತ ಎತ್ತಿ ಒಳಗೆ ಕೂರಿಸಿದೆವು. ಅಕ್ಕತಂಗಿ ಇಬ್ಬರೂ ಮಂಚದ ಮೇಲೆ ಕಾಲು ಚಾಚಿ ಹನ್ನೊಂದರವರೆಗೆ ಮಾತಾಡಿದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ದೊಡ್ಡಮ್ಮನ ಮಾತು ಈಗ ಪೂರ್ತಿ ತಿಳಿಯೋದಿಲ್ಲ. ಅಮ್ಮನಿಗೆ ತಿಳೀತಾ ಇತ್ತು. ಒಂದು ಸಲ ಇಬ್ಬರೂ ಯಾಕೋ ಜೋರಾಗಿ ನಕ್ಕರು, ಅಜ್ಜನ ಗಾಡಿಯ ಕತೆ ಇರಬೇಕು. ಇವತ್ತು ಮಧ್ಯಾಹ್ನ ರಸ್ತೆಯಲ್ಲಿ ಆದದ್ದನ್ನು ಅಮ್ಮ ಹೇಳಲೇ ಇಲ್ಲ.

ಭಾನುವಾರ ವಾಪಸ್ ಹೊರಡುವಾಗ ಅಕ್ಕ ಒಂದು ರಾಶಿ ಭಟ್ಕಳ ಮಲ್ಲಿಗೆ ಮಾಲೆ ತಂದಳು. ಒಳಗೆ ಎಲ್ಲಿಡೋದು ಅಂತ ನೋಡ್ತಾ ಇರುವಾಗ ಅಮ್ಮ ಟ್ರೇಲರಿನ ಹಿಂದಿನ ಗೋಡೆಗೆ ಹೋಗಿ, ಈರುಳ್ಳಿ ಇದ್ದ ಅದೇ ಕೊಕ್ಕೆಗಳಿಗೆ ಮಾಲೆಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ ಇಳಿದು ಬಂದು ತಮ್ಮನಿಗೆ ಹೇಳಿದಳು:

"ಒಂದ್ಸಲ ತೂಗಿ ನೋಡು, ಯಾಕೆ ಸುಮ್ಮನೆ."

ತೂಗಿದ. 62ರಲ್ಲೇ ಇತ್ತು.